ಎರಡು ಸಲ ಮುಲ್ಕಿ

ನನಗೆ ಹೆಣ್ಣು ಕೇಳಲು ದೋಟಿಹಾಳಕ್ಕೆ ಹೋಗಿದ್ದ ಲಗಮವ್ವ ಅತ್ತೆ ಸಂಜೆ ಬಸ್ಸಿಗೆ ಇಳಕಲ್ಲಿಗೆ ವಾಪಸಾದಳು. ಅವಳ ಮುಖ, ಕ್ಲೈಮ್ಯಾಕ್ಸಿನಲ್ಲಿ ರೀಲು ಸುಟ್ಟುಹೋದ ಟಾಕೀಸ್ ಮಾಲೀಕನ ಮುಖದಂತಿತ್ತು.

"ಏನಾತು ಅತ್ತಿ? ಹುಡುಗಿ ಒಲ್ಲೆ ಅಂದ್ಲ?"

"ಹುಡುಗಿ ಒಪ್ಪ್ಯಾಳ. ಅಪ್ಪ ಇಲ್ಲದ ಕೂಸು, ಅಪ್ಪನ ಅಪ್ಪ ಮುತ್ಯಾನ ಎಲ್ಲಾ ನೋಡಾವ. ಆ ಮುತ್ಯಾ ಹೊಲ ಕೇಳಲಿಲ್ಲ, ಮನಿ ಕೇಳಲಿಲ್ಲ. ಕೇಳಿದ್ದು ಒಂದ ಮಾತು. ಹುಡುಗ ಮುಲ್ಕಿ ಹೌದಲ್ಲ?"

ನನ್ನ ಎದೆಯಲ್ಲಿ ಹಿನ್ನೆಲೆ ಸಂಗೀತ ಶುರುವಾಯಿತು. ನಮ್ಮ ಕಡೆ ಮುಲ್ಕಿ ಎಂದರೆ ಏಳನೆಯ ಇಯತ್ತೆಯ ದೊಡ್ಡ ಪರೀಕ್ಷೆ. ನಾನು ಹುನಗುಂದಕ್ಕೆ ಹೋಗಿ ಎರಡು ಸಲ ಕುಳಿತಿದ್ದೆ. ಎರಡು ಸಲವೂ ಗಣಿತದಲ್ಲಿ ವೀರಮರಣ.

"ನೀ ಏನಂದಿ?"

"ಹೌದ್ರಿ, ಎರಡು ಸಲ ಮುಲ್ಕಿ ಅಂದೆ."

"ಅತ್ತೀ!"

"ಸುಳ್ಳೇನ ಅದು? ಎರಡು ಸಲ ಕುಂತಿಲ್ಲೇನ ನೀ? ಪಾಸು ಅಂತ ನಾ ಎಲ್ಲೆ ಅಂದೆ? ಮುದುಕ ಬೆರಗಾಗಿ, 'ಎರಡು ಸಲ ಹೆಂಗ ಆಗ್ತಾರವ್ವಾ?' ಅಂದ. ನಮ್ಮ ಹುಡುಗ ಭಾಳ ಹುಷಾರ ಅದಾನ್ರಿ ಅಂದೆ. ಕಾಗದ ಐತೇನು ಅಂದ. ಐತ್ರಿ ಅಂದೆ. ಬರೋ ಆಯ್ತವಾರ ಕಾಗದ ತಗೊಂಡು ಬಾ ಅಂತ ಹೇಳ್ಯಾನ."

ನಾನು ಗೋಡೆಗೆ ಒರಗಿ, ಕೈಯನ್ನು ಹಣೆಗೆ ಹಚ್ಚಿ, "ವಿಧಿಯೇ, ನಿನಗೆ ಕರುಣೆಯೇ ಇಲ್ಲವೇ?" ಎಂದೆ. ಅತ್ತೆ ಕಸಬರಿಗೆ ಎತ್ತಿಕೊಂಡಳು.

ಇದು ಎಪ್ಪತ್ತಾರನೆಯ ಇಸವಿಯ ಮಾತು. ಆಗ ನನಗೆ ಇಪ್ಪತ್ತಾರು ವರ್ಷ, ಹೆಸರು ಅಮಸಿದ್ದಪ್ಪ. ಊರಿಗೆ ಮಾತ್ರ 'ಮೈಕ್ ಅಮಸ್ಯಾ'. ಟಾಕೀಸಿನವರ ಟಾಂಗಾದಲ್ಲಿ ಕುಳಿತು, ಗಲ್ಲಿ ಗಲ್ಲಿ ತಿರುಗುತ್ತ, "ಕಲಾಪ್ರೇಮಿಗಳೇ! ತಾಯಂದಿರೇ, ಕರವಸ್ತ್ರ ಎರಡು ತನ್ನಿರಿ!" ಎಂದು ಕೂಗುವುದು ನನ್ನ ಉದ್ಯೋಗ. ಕೈಯಲ್ಲಿ ಮೈಕು ಇದ್ದವನಿಗೆ ಬುದ್ಧಿ ನೆಟ್ಟಗಿರುವುದು ಕಷ್ಟ. ಒಂದು ಸೋಮವಾರ, "ಬಸಯ್ಯ ಮಾಸ್ತರ ಆಜ್ಞೆಯ ಮೇರೆಗೆ ಇಂದು ಸಾಲಿಗೆ ಸೂಟಿ" ಎಂದು ಸಾರಿಬಿಟ್ಟೆ. ಮಾಸ್ತರರು ಖಾಲಿ ವರ್ಗದಲ್ಲಿ ಹಾಜರಿ ಪುಸ್ತಕ ಹಿಡಿದು ನಿಂತಿದ್ದರಂತೆ. ಇನ್ನೊಮ್ಮೆ, ಟಾಕೀಸಿನ ಎದುರು ಮಿರ್ಚಿ ಭಜಿ ಮಾಡುವ ಗುಲಾಬಬಿಯ ಹೆಸರಿನಲ್ಲಿ, "ಇಂದು ಎಲ್ಲರಿಗೂ ಭಜಿ ಪುಕ್ಕಟೆ" ಎಂದೆ. ಜನ ಮುತ್ತಿದ ರಭಸಕ್ಕೆ ಅವಳ ಹಿಟ್ಟಿನ ಬೋಗುಣಿ ಉರುಳಿತು. ಜಾಲರಿ ಸೌಟು ಹಿಡಿದು ನನ್ನನ್ನು ಬಸ್ ಸ್ಟ್ಯಾಂಡಿನವರೆಗೆ ಓಡಿಸಿದಳು.

ದೋಟಿಹಾಳದ ಮಾಯವ್ವನನ್ನು ನಾನು ಮೊದಲು ನೋಡಿದ್ದೂ ಟಾಂಗಾದಿಂದಲೇ. ಅವಳು ಮುತ್ಯಾನ ಜೊತೆ ಕಂಬಳಿ ಮಾರಲು ಸಂತೆಗೆ ಬಂದಿದ್ದಳು. ನಾನು ಗಂಟಲು ನಡುಗಿಸಿ ಅಗಲಿದ ಪ್ರೇಮಿಗಳ ಗೋಳು ಹೇಳುತ್ತಿದ್ದಾಗ ಕಂಬಳಿಗಳ ಆಚೆಯಿಂದ ದನಿ ಬಂತು: "ಎಲೋ ಮೈಕಿನಾವ, ಮೊದಲು ಕುದರಿಗೆ ನೀರು ಕುಡಸು. ಬಾಯಾಗ ನೊರಿ ಬಂದೈತಿ." ಸಂಭಾಷಣೆ ಅಲ್ಲಿಗೇ ನಿಂತಿತು. ಕುದುರೆಗೆ ನೀರು ಕುಡಿಸಿದೆ. ಅಂದಿನಿಂದ ಪ್ರತಿ ಸಂತೆಗೂ ಅದೇ ಜಾಗದಲ್ಲಿ ಕುದುರೆಗೆ ನೀರಡಿಕೆಯಾಗತೊಡಗಿತು. ಅವಳನ್ನು ಬಿಟ್ಟು ಬೇರೆ ಯಾರನ್ನೂ ಮದುವೆಯಾಗುವುದು ನನ್ನಿಂದ ಆಗದ ಮಾತಾಗಿತ್ತು. ಈಗ ಆ ಮದುವೆ ಹನ್ನೆರಡು ವರ್ಷ ಹಳೆಯ ಗಣಿತದ ಪೇಪರಿನ ಮೇಲೆ ನಿಂತಿತ್ತು.

ನನ್ನ ಜೀವದ ಗೆಳೆಯ ಸಂಗಯ್ಯ, ಬಸಯ್ಯ ಮಾಸ್ತರರ ಮಗ. ನನ್ನ ಜೊತೆಗೇ ಕುಳಿತು ಮೊದಲ ಸಲಕ್ಕೇ ಮುಲ್ಕಿ ದಾಟಿದವನು. ಅವನ ಸರ್ಟಿಫಿಕೇಟು ಕೇಳಿದೆ.

"ಹುಚ್ಚ ಅದೀಯೇನಲೇ? ಅದರಾಗ ನನ್ನ ಹೆಸರು ಐತಿ. ನಾ ಜಂಗಮರ ಅಯ್ಯಾ, ನೀ ಕುರುಬ."

"ಮುತ್ಯಾಗ ಕನ್ನಡ ಓದಾಕ ಬರೂದಿಲ್ಲ ಅಂತ ಅತ್ತಿ ಹೇಳ್ಯಾಳ. ಆ ಕಡಿ ನಿಜಾಮನ ಕಾಲದ ಮನಷ್ಯಾ, ಉರ್ದು ಅಷ್ಟ ಬರತೈತಿ. ಗೆಳೆಯಾ! ಒಂದು ತಾಯಿಯ ಮಕ್ಕಳಲ್ಲದಿದ್ದರೂ, ನಮ್ಮಿಬ್ಬರ ರಕ್ತ..."

"ಡೈಲಾಗ್ ಬ್ಯಾಡ. ಒಯ್ಯಿ. ನಮ್ಮಪ್ಪಗ ಗೊತ್ತಾದ್ರ ನಿನ್ನ ರಕ್ತ ಅಷ್ಟ ಸುರೀತೈತಿ."

ಆಯ್ತವಾರ ತಲೆಗೆ ಎಣ್ಣೆ ಹಚ್ಚಿ ದೋಟಿಹಾಳಕ್ಕೆ ಹೋದೆ. ಗುರಪ್ಪ ಮುತ್ಯಾ ಕಟ್ಟೆಯ ಮೇಲೆ ಕುಳಿತಿದ್ದ. ಉಣ್ಣೆಯ ಹಾಗೆ ಬೆಳ್ಳಗಿನ ಮೀಸೆ, ನೆಟ್ಟಗಿನ ಬೆನ್ನು. ಕಾಗದವನ್ನು ಎರಡೂ ಕೈಯಿಂದ ಇಸಕೊಂಡು ಕಣ್ಣಿಗೆ ಒತ್ತಿಕೊಂಡ. ನಾನು ಒಳಗೊಳಗೇ ಕುಗ್ಗಿದೆ. ಬಲಗಡೆಯಿಂದ ಎಡಕ್ಕೆ ಬೆರಳು ಆಡಿಸಿ ನೋಡಿ, ಒಳಗೆ ಕೂಗಿದ:

"ಮಾಯವ್ವಾ, ಬಾ ಇಲ್ಲೆ. ಇದನ್ನಷ್ಟು ಓದು."

ಹುಡುಗಿಗೆ ಓದಲು ಬರುತ್ತದೆ ಎಂಬುದು ನನ್ನ ಚಿತ್ರಕಥೆಯಲ್ಲಿ ಇರಲೇ ಇಲ್ಲ. ಮಾಯವ್ವ ಬಂದಳು, ಕಾಗದ ಹಿಡಿದಳು. "ಮುಲ್ಕಿ ಪರೀಕ್ಷಾ. ಹೆಸರು..." ಎಂದು ನಿಂತಳು. ನನ್ನನ್ನು ನೋಡಿದಳು. ನೊರೆ ಕಕ್ಕುವ ಕುದುರೆಯನ್ನು ನೋಡಿದ ನೋಟ ಅದೇ. "ಹೆಸರಿನ ಮ್ಯಾಲೆ ಮಸಿ ಹತ್ತೇತಿ ಮುತ್ಯಾ, ಓದಾಕ ಬರವಲ್ದು. ಕನ್ನಡ ಅರವತ್ನಾಕು. ಗಣಿತ ಎಪ್ಪತ್ತೊಂದು."

ಮುತ್ಯಾನ ಹುಬ್ಬು ಗಂಟಿಕ್ಕಿತು. "ಗಣಿತ? ಮುಲ್ಕಿ ಕಾಗದದಾಗ ಗಣಿತಕ್ಕೇನು ಕೆಲಸ?"

"ಮತ್ತ... ಕನ್ನಡ, ಗಣಿತ, ಇತಿಹಾಸ ಎಲ್ಲಾದ್ರಾಗೂ ಪಾಸಾದ್ರ ಮುಲ್ಕಿ ಅಲ್ರಿ?" ಎಂದೆ.

"ಪಾಸು? ಮುಲ್ಕಿ ಪಾಸು ಆಗ್ತಾರೇನೋ ತಮ್ಮಾ? ಮುಲ್ಕಿ ಹುಟ್ಟತಾರ!"

ನಾನು ಅವನನ್ನು ನೋಡಿದೆ, ಅವನು ನನ್ನನ್ನು ನೋಡಿದ, ಮಾಯವ್ವ ಇಬ್ಬರನ್ನೂ ನೋಡಿದಳು. ಮೊದಲು ತಿಳಿದದ್ದು ಅವಳಿಗೆ. "ಮುತ್ಯಾ, ಇವರ ಕಡಿ ಮುಲ್ಕಿ ಅಂದ್ರ ಏಳನೆತ್ತೆ ಪರೀಕ್ಷಾ!"

ಮುತ್ಯಾ ನಗಲು ಶುರು ಮಾಡಿದ. ನಗುತ್ತ ನಗುತ್ತ ಕೆಮ್ಮು ಬಂದು, ನೀರು ಕುಡಿದು, ಮತ್ತೆ ನಕ್ಕ. "ಅದಕ್ಕ ಎರಡು ಸಲ ಅಂದ್ಲ ನಿಮ್ಮ ಅತ್ತಿ! ನಾ ತಿಳಕೊಂಡೆ, ಅಪ್ಪನ ಕಡಿಂದ ಒಂದು, ಅವ್ವನ ಕಡಿಂದ ಒಂದು ಅಂತ."

ನಗು ಇಳಿದ ಮೇಲೆ ಅವನು ತನ್ನ ಮುಲ್ಕಿಯ ಕತೆ ಹೇಳಿದ. ನಿಜಾಮನ ರಾಜ್ಯದಲ್ಲಿ ಮುಲ್ಕಿ ಎಂದರೆ ಈ ಮುಲ್ಕಿನವನು, ಈ ನೆಲದವನು. ಸರಕಾರದ ನೌಕರಿ ಬೇಕಾದರೆ ಮುಲ್ಕಿ ಆಗಿರಬೇಕು. ಪ್ರಾಯದಲ್ಲಿ ಅವನು ಕಚೇರಿಯಲ್ಲಿ ಪಟ್ಟೇವಾಲನ, ಅಂದರೆ ಜವಾನನ, ಕೆಲಸ ಕೇಳಲು ಹೋಗಿದ್ದ. ದೂರದಿಂದ ಬಂದಿದ್ದ ಒಬ್ಬ ಗುಮಾಸ್ತ ಕುರ್ಚಿಯಲ್ಲಿ ಕುಳಿತು ಉರ್ದುವಿನಲ್ಲಿ ಕೇಳಿದ, ಮುಲ್ಕಿ ಹೋ ಕ್ಯಾ?

"ನಂಗ ಉರ್ದು ಎಲ್ಲೆ ಬರಬೇಕು? ಇದು ಯಾವುದೋ ಜಾತಿ ಹೆಸರು ಅಂತ ತಿಳದೆ. ಇಲ್ರಿ ಸಾಬ್, ನಾ ಕುರುಬ ಅಂದೆ. ಅಂವ ಬರದ: ಗೈರಮುಲ್ಕಿ. ಅಂದ್ರ ಹೊರಗಿನಾವ. ನಮ್ಮ ಮುತ್ಯಾನ ಮುತ್ಯಾ ಹುಟ್ಟಿದ ನೆಲದಾಗ, ಪರಊರಿನಾವ ಬಂದು, ನಂಗ ಬರದ ಮಾತಿನ್ಯಾಗ ಕೇಳಿ, ನನ್ನ ಹೊರಗಿನಾವ ಅಂತ ಬರದ. ಅದನ್ನ ತಿದ್ದಸಾಕ ನಾಕು ವರ್ಷ ಹಿಡೀತು."

"ಹೆಂಗ ತಿದ್ದಿಸಿದ್ರಿ?"

"ಇಬ್ಬರು ಸಾಕ್ಷಿ ಬೇಕು ಅಂದ್ರು. ಬಳಗ ನಡೆಯೂದಿಲ್ಲ, ದೋಸ್ತರು ನಡೆಯೂದಿಲ್ಲ. ಒಬ್ಬಾವ ಸಿಕ್ಕ, ಎರಡನೆಯಾವ ಸಿಗಲಿಲ್ಲ. ಕಡೀಕ ಹೊಲದ ಬದುವಿಗೆ ನನ್ನ ಜೋಡಿ ದಿನಾ ಬಡದಾಡಾವನ ಬಂದು ಹೇಳಿದ. 'ಸಾಬ್, ಇಂವ ಇಲ್ಲಿಯಾವ ಅಲ್ಲ ಅಂದ್ರ, ಇಷ್ಟು ವರ್ಷ ನಾ ಯಾರ ಜೋಡಿ ಜಗಳಾಡೇನಿ?' ಅವತ್ತ ನಾ ಮುಲ್ಕಿ ಆದೆ. ಆಮ್ಯಾಲೆ ಕಚೇರಿಯೊಳಗ ಕುಂತ ಉರ್ದು ಕಲತೆ, ಇನ್ನೊಮ್ಮೆ ಯಾರಾದ್ರೂ ಕೇಳಿದ್ರ ತಪ್ಪು ಉತ್ತರ ಹೇಳಬಾರದು ಅಂತ."

ಮುತ್ಯಾ ನಗುತ್ತಲೇ ಹೇಳಿದ. ಆದರೆ ಅವನ ಹೆಬ್ಬೆರಳು ನನ್ನ ಸುಳ್ಳು ಕಾಗದದ ಅಂಚನ್ನು ಸವರುತ್ತಿತ್ತು, ಮಡಿಕೆ ಬೀಳದ ಹಾಗೆ, ಕೂಸಿನ ತಲೆ ಸವರಿದ ಹಾಗೆ. ನಾಲ್ಕು ವರ್ಷ ಒಂದು ಕಾಗದಕ್ಕೆ ಅಲೆದವನ ಕೈ ಅದು. ಮಾಯವ್ವ ನನ್ನನ್ನು ಉಳಿಸಿದ್ದಳು. ಬಾಯಿ ಮುಚ್ಚಿಕೊಂಡು ಕುಳಿತಿದ್ದರೆ ಆವತ್ತೇ ನಿಶ್ಚಯದ ಎಲೆ ಅಡಿಕೆ ಆಗಿಬಿಡುತ್ತಿತ್ತು. ಆದರೂ ನನ್ನ ಬಾಯಿಂದ ಬಂತು: "ಮುತ್ಯಾ, ಈ ಕಾಗದ ನಂದಲ್ರಿ. ನನ್ನ ದೋಸ್ತಂದು. ನಾ ಮುಲ್ಕಿ ಎರಡು ಸಲ ಫೇಲು."

ಮಾಯವ್ವ ಹಣೆ ಬಡಿದುಕೊಂಡಳು. ಮುತ್ಯಾ ಕಾಗದವನ್ನು ಮಡಿಕೆಯ ಗೆರೆಯಲ್ಲೇ ಮಡಚಿ ನನ್ನ ಮುಂದೆ ಇಟ್ಟ.

"ಹೆಸರಿನ ಮ್ಯಾಲೆ ಮಸಿ ಹತ್ತಿಲ್ಲ ಅಲ್ಲ?" ಎಂದು ಮೊಮ್ಮಗಳನ್ನು ಕೇಳಿದ.

"ಇಲ್ಲ ಮುತ್ಯಾ."

"ನನ್ನ ಮನಿಯಾಗ ಇಬ್ಬರು ಕಳ್ಳರು ಕುಂತೀರಿ." ಮತ್ತೆ ನನ್ನ ಕಡೆ ತಿರುಗಿದ. "ನಮ್ಮಣ್ಣ ತನ್ನ ಮಗಳನ್ನ, ಈ ಮಾಯವ್ವನ ಅತ್ತಿನ್ನ, ಒಬ್ಬ ಪರದೇಸಿಗೆ ಕೊಟ್ಟಿದ್ದ. ಅವನ ಬಾಯಿ ನಿನ್ನಂಗ ಛಂದ ಇತ್ತು. ಮೂರು ತಿಂಗಳಿಗೆ ಆಕಿನ್ನ ಬಸ್ ಸ್ಟ್ಯಾಂಡಿನ್ಯಾಗ ಬಿಟ್ಟು ಹೋದ. ಹುಡುಕಾಕ ಹೋದ್ರ, ಅಂವ ಹೇಳಿದ ಊರಾಗ ಅವನ್ನ ಗುರುತಿಸಾವ್ರು ಒಬ್ಬರಿಲ್ಲ. ಅದಕ್ಕ ನಾ ಮುಲ್ಕಿ ಕೇಳೂದು. ಕಾಗದ ಬ್ಯಾಡ ನಂಗ. ನನ್ನಂಗ ನೀನೂ ಇಬ್ಬರ್ನ ಕರಕೊಂಡು ಬಾ. ಬಳಗ ಬ್ಯಾಡ, ದೋಸ್ತರು ಬ್ಯಾಡ. ಇಂವ ನಮ್ಮಾವ ಅಂತ ಇಬ್ಬರು ಹೇಳಲಿ. ಬರೋ ಆಯ್ತವಾರ. ಯಾರೂ ಬರಲಿಲ್ಲ ಅಂದ್ರ, ನೀನೂ ಬರಬ್ಯಾಡ."

ಬಸ್ಸಿನಲ್ಲಿ ಕುಳಿತು ಲೆಕ್ಕ ಹಾಕಿದೆ. ಇಳಕಲ್ಲಿನಲ್ಲಿ ನನ್ನ ಬಳಗ ಬಿಟ್ಟು, ದೋಸ್ತರನ್ನು ಬಿಟ್ಟು ಉಳಿದವರು ಯಾರು? ನಾನು ಗೋಳು ಹೊಯ್ದುಕೊಂಡವರು. ಆ ಪಟ್ಟಿಯಲ್ಲಿ ಇಡೀ ಊರೇ ಇತ್ತು.

ಮೊದಲು ಗುಲಾಬಬಿಯ ಹತ್ತಿರ ಹೋದೆ. ಬಾಣಲೆಯ ಮುಂದೆ ಕುಳಿತಿದ್ದಳು.

"ಚಾಚಿ, ನನ್ನ ಪರವಾಗಿ ಸಾಕ್ಷಿ ಹೇಳಾಕ ಬರ್ತೀಯೇನ?"

"ಯಾ ಅಲ್ಲಾ! ಪೊಲೀಸರು ಹಿಡದ್ರ?"

"ಇಲ್ಲ ಚಾಚಿ, ಮದವಿ." ಎಲ್ಲ ಹೇಳಿದೆ.

ಅವಳು ಮೆಣಸಿನಕಾಯಿಯ ಹೊಟ್ಟೆ ಸೀಳುತ್ತ ಕೇಳಿದಳು. "ಈಗ ಈ ಮಾತು ಖರೆ ಅಂತ ಹೆಂಗ ನಂಬ್ಲಿ? ನಾ ಒಂದು ತಾಸು ಬಸ್ಸಿನ್ಯಾಗ ಕುಂತು ಹೋಗೂದು, ಅಲ್ಲಿ ಮದವೀನೂ ಇಲ್ಲ ಮುದುಕನೂ ಇಲ್ಲ, ನೀ ಗಿಡದ ಹಿಂದ ನಿಂತು ಖೊಕ್ ಅಂತ ನಗೂದು. ಹೋಗಲೇ, ಎಣ್ಣಿ ಕಾದೈತಿ."

ಬಸಯ್ಯ ಮಾಸ್ತರರು ಅಷ್ಟೂ ಮಾತಾಡಲಿಲ್ಲ. ನಾನು ಸರ್ಟಿಫಿಕೇಟನ್ನು ಅವರ ಕೈಗೇ ಕೊಟ್ಟು, ಸಂಗಯ್ಯನ ತಪ್ಪಿಲ್ಲವೆಂದು ಹೇಳಿ, ಬೇಡಿಕೊಂಡೆ. ಕನ್ನಡಕದ ಮೇಲಿಂದ ನೋಡಿ, "ಆ ಸೋಮವಾರ ನಾ ನಾಕು ಗ್ವಾಡಿಗೆ ಪಾಠ ಹೇಳೇನಿ. ನಡಿ" ಎಂದರು.

ಆ ವಾರ ಟಾಂಗಾದಲ್ಲಿ ನಾನು ಹಾಸ್ಯಚಿತ್ರವನ್ನು ಎಷ್ಟು ಸಪ್ಪೆಯಾಗಿ ಸಾರಿದೆನೆಂದರೆ, ಜನ ಅದನ್ನು ಭಕ್ತಿಚಿತ್ರವೆಂದು ತಿಳಿದು ಚಪ್ಪಲಿ ಬಿಟ್ಟು ಒಳಗೆ ಹೋದರಂತೆ.

ಆಯ್ತವಾರ ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ಹೋದದ್ದು ಮಾಯವ್ವನಿಗೆ ಒಂದು ಮಾತು ಹೇಳಿ ಬರಲು. ಬರಬೇಡ ಎಂದಿದ್ದ ಮುತ್ಯಾ; ಆದರೆ ಹೇಳದೆ ತಪ್ಪಿಸಿಕೊಂಡವರ ಸಾಲಿಗೆ ಸೇರಲು ಮನಸ್ಸಾಗಲಿಲ್ಲ. ಬಸ್ಸು ಹತ್ತಿದರೆ, ಕಿಟಕಿಯ ಸೀಟಿನಲ್ಲಿ ಬುರ್ಕಾ ಹೊದ್ದು ಗುಲಾಬಬಿ ಕುಳಿತಿದ್ದಾಳೆ, ಪಕ್ಕದ ಸೀಟಿನ ಮೇಲೆ ಬುಟ್ಟಿ. ಹಿಂದಿನ ಸೀಟಿನಲ್ಲಿ ಇಸ್ತ್ರಿ ಮಾಡಿದ ಕೋಟು, ಟೋಪಿ, ಬಸಯ್ಯ ಮಾಸ್ತರರು.

"ಚಾಚಿ!"

"ಬಾಯಿ ಮುಚ್ಚಿಕೊಂಡು ಕುಂದರ. ಸುಳ್ಳಿದ್ರ ನಿನ್ನ ಅಲ್ಲೇ ಹುಗದು ಬರ್ತೇನಿ."

ದೋಟಿಹಾಳದಲ್ಲಿ ಗುರಪ್ಪ ಮುತ್ಯಾ ಇಬ್ಬರಿಗೂ ಕೈಕಾಲಿಗೆ ನೀರು ಕೊಡಿಸಿದ. ಕಟ್ಟೆಯ ಮೇಲೆ ಕುಳಿತ ಮಾಸ್ತರರಿಗೆ ಮುಲ್ಕಿಯ ಗೊಂದಲ ಕೇಳಿ ಬಹಳ ಖುಷಿಯಾಯಿತು. ಪಾಠವೇ ಶುರುವಾಯಿತು.

"ತಪ್ಪು ಯಾರದೂ ಅಲ್ರಿ ಗುರಪ್ಪನವರ. ಮುಲ್ಕ ಅಂದ್ರ ದೇಶ, ಮುಲ್ಕಿ ಅಂದ್ರ ದೇಶದ್ದು. ನಿಮ್ಮ ನಿಜಾಮನ ಸರಕಾರ ಅದನ್ನ ಮನಷ್ಯಾಗ ಹಚ್ಚಿತು. ನಮ್ಮ ಕಡಿ ಸರಕಾರ ದೇಶಭಾಷಾದ ಪರೀಕ್ಷಾಕ ಹಚ್ಚಿತು. ಇಂಗ್ಲಿಷಿನ್ಯಾಗ ನೇಟಿವ್ ಅಂತಾರ. ಬಿಳಿ ಸಾಹೇಬ ನಮ್ಮನ್ನ ನೇಟಿವ್ ಅಂದಾಗ ಅದು ಬೈಗಳ ಇತ್ತು. ಈಗ ಬೆಂಗಳೂರಿನ್ಯಾಗ ನಿಮ್ಮ ನೇಟಿವ್ ಯಾವುದ್ರಿ ಅಂತ ಚಹಾ ಕೊಟ್ಟು ಕೇಳ್ತಾರ."

"ಮಾಸ್ತರ, ಹುಡುಗನ ಬಗ್ಗೆ ಹೇಳ್ರಿ" ಎಂದ ಮುತ್ಯಾ.

"ಹುಡುಗ." ಮಾಸ್ತರರು ಟೋಪಿ ತೆಗೆದರು. "ಗಣಿತ ಬರೂದಿಲ್ಲ. ನನ್ನ ಕಡೆ ಏಳನೆತ್ತೆ ಎರಡು ವರ್ಷ ಓದಿ ಎರಡು ವರ್ಷ ನನ್ನ ತಲಿ ತಿಂದಾನ. ಮೂರನೇ ವರ್ಷ ಇಂವ ಸಾಲಿ ಬಿಟ್ಟ. ಆ ವರ್ಷ ನನ್ನ ವರ್ಗದಾಗ ಸಪ್ಪಳನ ಇರಲಿಲ್ಲ. ಹಿಂದಿನ ಬೆಂಚಿನ ಮ್ಯಾಲೆ ಇಂವ ಕೊರದ ಹೆಸರು ನೋಡಿ ಎರಡು ಸಲ ಹಾಜರಿ ಕರದೇನಿ. ಮನಷ್ಯಾ ಇಲ್ಲದಾಗೂ ಹೆಸರು ಬಾಯಾಗ ಬಂತಂದ್ರ, ಅಂವ ನಮ್ಮಾವ. ಬರಕೋರಿ."

ನಾನು ಬಾಗಿಲ ಪಕ್ಕ ನಿಂತಿದ್ದೆ. ಮಾಸ್ತರರು ನನ್ನ ಹೆಸರು ಕರೆದಿದ್ದರೆಂದು ನನಗೆ ಗೊತ್ತೇ ಇರಲಿಲ್ಲ.

ಗುಲಾಬಬಿ ಬೆರಳು ಮಡಚಿ ಎಣಿಸತೊಡಗಿದಳು. "ನನ್ನ ಹಿಟ್ಟು ಚೆಲ್ಲಿಸ್ಯಾನ. ನನ್ನ ಆಡಿನ ಕೊಳ್ಳಿಗೆ 'ಇಂದಿನ ನಾಯಕಿ' ಅಂತ ಹಲಗಿ ಕಟ್ಯಾನ. ಹೋದ ವರ್ಷ ನಂಗ ಪಾಕಿಟು ಬಂದೈತಿ ಅಂತ ಪೋಸ್ಟಿಗೆ ಕಳಿಸ್ಯಾನ." ಮುತ್ಯಾನ ಮುಖ ಗಂಭೀರವಾಗುತ್ತ ಹೋಯಿತು. ನನಗೆ ನೆಲ ಬಿರಿಯಬಾರದೇ ಅನ್ನಿಸಿತು. "ಖರೆ. ಆದ್ರ ಅಣ್ಣಾ, ನನ್ನ ಯಜಮಾನ್ರು ತೀರಿಕೊಂಡಾಗ ನಲವತ್ತು ದಿನ ನಮ್ಮ ಗಲ್ಲಿಯೊಳಗ ಮೈಕ್ ಬರಲಿಲ್ಲ. ಟಾಂಗಾ ಬರತಿತ್ತು, ಹೋಗತಿತ್ತು. ಕುದರಿ ಕಾಲಾಗ ಗೆಜ್ಜಿ ಇರ್ತಾವಲ್ಲ, ನಮ್ಮ ಮನಿ ಬರೂಕಿಂತ ಮುಂಚೆ ಇಂವ ಇಳದು ಬಿಚ್ಚತಿದ್ದ, ದಾಟಿದ ಮ್ಯಾಲೆ ಕಟ್ಟತಿದ್ದ. ಕಿಡಕಿಯಾಗಿಂದ ನಾ ದಿನಾ ನೋಡೇನಿ. ಯಾರೂ ಹೇಳಿರಲಿಲ್ಲ ಇವಂಗ."

ಯಾರೂ ನೋಡುತ್ತಿಲ್ಲವೆಂದು ನಾನು ತಿಳಿದಿದ್ದೆ.

"ಮುಲ್ಕಿ-ಗಿಲ್ಕಿ ನಂಗ ತಿಳಿಯೂದಿಲ್ಲ" ಎಂದಳು ಗುಲಾಬಬಿ. "ಇಂವ ಜವಾರಿ ಅದಾನ, ಇದ ನೆಲದ ತಳಿ. ಜವಾರಿ ಕೋಳಿ ನೋಡೀರಿಲ್ಲ? ಮನಿತುಂಬ ಕೆದರತೈತಿ, ಕಾಳಿನ ಬುಟ್ಟಿಗೆ ಬಾಯಿ ಹಾಕತೈತಿ, ಹೊಡ್ಯಾಕ ಹೋದ್ರ ಮಾಳಿಗಿ ಏರತೈತಿ. ಸಂಜೀಕ ಮತ್ತ ನಮ್ಮ ಬುಟ್ಟಿಗೇ ಬರತೈತಿ. ಇಂವ ಎಲ್ಲೂ ಓಡಿ ಹೋಗಾವಲ್ಲ ಅಣ್ಣಾ. ಓಡಿ ಹೋದ್ರ ನಾವು ಬಿಡಬೇಕಲ್ಲ? ನಾ ಇವನ್ನ ಹೊಡಿಯೂದು ಇನ್ನೂ ಬಾಕಿ ಐತಿ."

ಗುರಪ್ಪ ಮುತ್ಯಾ ಎದ್ದ. ಒಳಗೆ ಹೋಗಿ, ದೇವರ ಕೋಣೆಯಿಂದ ಹೊಸ ಕರಿ ಕಂಬಳಿ ತಂದ. ನಮ್ಮ ಕುರುಬರಲ್ಲಿ ಕಂಬಳಿ ಹಾಸುವುದೆಂದರೆ ಕುಲದೇವರು ಬೀರಪ್ಪನನ್ನು ಕೂರಿಸಿದ ಹಾಗೆ; ಕಂಡಕಂಡವರಿಗೆ ಹಾಸುವುದಿಲ್ಲ. ಪಡಸಾಲೆಯ ನಡುವೆ ಹಾಸಿ, ಅಂಚು ನೆಟ್ಟಗೆ ಮಾಡಿ, "ಮಾಸ್ತರ, ಬರ್ರಿ. ಯವ್ವಾ, ನೀನೂ ಬಾ" ಎಂದ. ಗುಲಾಬಬಿ ಹಿಂಜರಿದು, "ನಾ ಇಲ್ಲೇ ಕುಂದರ್ತೇನಿ ಅಣ್ಣಾ, ಇದು ನಿಮ್ಮ ದೇವರದು" ಎಂದಳು. ಮಾಯವ್ವ ಬಂದು ಅವಳ ಕೈ ಹಿಡಿದು ಎಳೆದು ನಟ್ಟನಡುವೆ ಕೂರಿಸಿದಳು. "ಕುಂದರ ಚಾಚಿ. ನಾಳಿಗೆ ನಾ ಇವನ ಜೋಡಿ ಬಾಳೇ ಮಾಡಬೇಕು. ಇವನ್ನ ಹೊಡಿಯೂದು ಹೆಂಗ ಅಂತ ಯಾರು ಹೇಳಿಕೊಡಬೇಕು ನಂಗ?"

ಎಲ್ಲರೂ ನಕ್ಕರು. ಮುತ್ಯಾ ಬೆಲ್ಲ ತರಲು ಹೇಳಿದ. ನನ್ನ ಮದುವೆ ಗಟ್ಟಿಯಾದದ್ದು ಹೀಗೆ.

ಇಂಥ ಹೊತ್ತಿಗೆ ಹೇಳಬೇಕಾದ ಡೈಲಾಗುಗಳು ನನ್ನ ಬಳಿ ಮೂಟೆಗಟ್ಟಲೆ ಇದ್ದವು. ಒಂದೂ ಬಾಯಿಗೆ ಬರಲಿಲ್ಲ. ಹೋಗಿ ಕಂಬಳಿಯ ಅಂಚಿನಲ್ಲಿ ಬಾಗಿ, ಮೊದಲು ಮಾಸ್ತರರ ಕಾಲು, ಆಮೇಲೆ ಗುಲಾಬಬಿಯ ಕಾಲು ಮುಟ್ಟಿದೆ. ಮುಟ್ಟಿದವನು ಏಳಲಿಲ್ಲ.

"ಏಳಲೇ" ಎಂದಳು ಗುಲಾಬಬಿ. "ಇದ್ಯಾವ ಸಿನೇಮಾದ್ದು?"

ಅವಳು ನನ್ನ ಗದ್ದ ಹಿಡಿದು ಮುಖ ಎತ್ತಿ ನೋಡಿದಳು. ಬುರ್ಕಾದ ಅಂಚಿನಿಂದ ನನ್ನ ಕಣ್ಣು ಒರೆಸಿ, ಮಾಸ್ತರರ ಕಡೆ ತಿರುಗಿ, "ಸ್ವಲ್ಪ ಸರೀರಿ ಮಾಸ್ತರ" ಎಂದು ನನಗೆ ಜಾಗ ಮಾಡಿದಳು.